ಪೇಟೆಯ ಇಂಗ್ಲಿಷು: ನನ್ನ ತಡವಾದ ವಿದ್ಯಾಭ್ಯಾಸ

ಹಳಗನ್ನಡ ಪದ್ಯಗಳಿಗೆ ಅನ್ವಯ ಹೇಳಿಕೊಡುವುದು ನನ್ನ ಕಾಯಕ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಛಂದಸ್ಸು, ಅಲಂಕಾರ, ವ್ಯಾಕರಣಗಳೇ ನನಗೆ ಪ್ರಪಂಚವಾಗಿದ್ದುವು; ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟವನ್ನು ಓದದೆ ಮಗುಚುತ್ತಿದ್ದೆ. ಐವತ್ತು ದಾಟಿದ ಮೇಲೆ ಅದೇ ಪುಟದ ಮುಂದೆ ವಿದ್ಯಾರ್ಥಿಯಾಗಿ ಕುಳಿತ ಪ್ರಸಂಗವನ್ನು ಈ ಸಂಚಿಕೆಯ ಓದುಗರಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಈರುಳ್ಳಿ ಮಂಡಿ ನಡೆಸುತ್ತಾನೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, 2015ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ‘ಬೆಂಗಳೂರು ಗುಲಾಬಿ ಈರುಳ್ಳಿ’ಯ ವ್ಯವಹಾರ ಅವನದು. ಅದಕ್ಕೆ ನಮ್ಮ ಅಡುಗೆಮನೆಗಳಲ್ಲಿ ಬೇಡಿಕೆ ಕಡಮೆ. ಸಿಂಗಪುರ, ಮಲೇಷ್ಯಾಗಳಲ್ಲಿ ಹೆಚ್ಚು. 2022ರಲ್ಲಿ ಒಂದು ಸಂಜೆ ಅವನು ಹೊರದೇಶದ ಪತ್ರಿಕೆಯ ತುಣುಕೊಂದನ್ನು ತಂದು, “ಗುರುಗಳೇ, ಇದರ ಅರ್ಥ ಹೇಳಬೇಕು” ಎಂದ. ಈರುಳ್ಳಿಯ ಬೆಲೆ ‘ಈಸ್ಡ್’ ಎಂದು ಅದರಲ್ಲಿತ್ತು. ನಿಘಂಟು ತೆರೆದೆ. ನೆಮ್ಮದಿ, ಹಗುರ, ಸರಾಗ ಎಂಬ ಅರ್ಥಗಳು ಕಂಡುವು. “ಪೇಟೆ ನೆಮ್ಮದಿಯಾಗಿದೆಯಪ್ಪಾ, ಗಾಬರಿಯಿಲ್ಲ” ಎಂದುಬಿಟ್ಟೆ.

ನನ್ನ ಮಾತು ನಂಬಿ ಅವನು ಮಾಲನ್ನು ಹಿಡಿದಿಟ್ಟುಕೊಂಡ. ಧಾರಣೆ ಇಳಿಯುತ್ತಲೇ ಹೋಯಿತು. ಮೂಟೆಗಳಲ್ಲಿ ಈರುಳ್ಳಿ ಮೊಳೆಯಿತು. ‘ಈಸ್ಡ್’ ಎಂದರೆ ಬೆಲೆ ಇಳಿಯಿತೆಂದೇ ಅರ್ಥವೆಂಬುದನ್ನು, ಹಾಸ್ಟೆಲಿನಿಂದ ರಜೆಗೆ ಬಂದ ಅವನ ಮಗಳು ತಿಳಿಸಿದಳು. ಆಕೆ ವಾಣಿಜ್ಯದ ವಿದ್ಯಾರ್ಥಿನಿ. ಶಿಷ್ಯ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಮೌನ ಬೈಗುಳಕ್ಕಿಂತ ಭಾರವಾಗಿತ್ತು.

ಆ ರಜೆಯ ಭಾನುವಾರಗಳಂದು ಮೂವರೂ ಮಂಡಿಯ ಗದ್ದುಗೆಯ ಮೇಲೆ ಕುಳಿತು ಹೊರದೇಶದ ಪತ್ರಿಕೆಗಳನ್ನು ಓದತೊಡಗಿದೆವು. ಆಕೆಯದು ಶಬ್ದಾರ್ಥ, ಅವನದು ವ್ಯವಹಾರಜ್ಞಾನ, ನನ್ನದು ಗುರುಗಳು ಕಲಿಸಿದ ಕ್ರಮ: ಪದಚ್ಛೇದ, ಅನ್ವಯ, ತಾತ್ಪರ್ಯ. ಧಾರಣೆ ‘ಫರ್ಮ್’ ಎಂದರೆ ಬಿಗಿಯಾಗಿದೆ, ‘ಸಾಫ್ಟ್’ ಎಂದರೆ ಇಳಿಮುಖ. ‘ಎಫ್.ಒ.ಬಿ.’ ಎಂದಿದ್ದರೆ ಮಾಲು ಹಡಗು ಏರುವವರೆಗೆ ಮಾತ್ರ ಮಾರುವವನ ಹೊಣೆ, ‘ಸಿ.ಐ.ಎಫ್.’ ಎಂದಿದ್ದರೆ ಹಡಗಿನ ಬಾಡಿಗೆಯೂ ವಿಮೆಯೂ ಅವನ ಖರ್ಚು. ಏರುವ ಪೇಟೆಗೆ ಅವರು ವೃಷಭದ ಹೆಸರಿಟ್ಟಿರುವುದನ್ನು ಕಂಡು ಬಸವಭಕ್ತರಾದ ನಾವು ನಕ್ಕೆವು. ಇಳಿಯುವ ಪೇಟೆಯ ಪಾಲಿಗೆ ಬಂದದ್ದು ಕರಡಿ.

ಕಾವ್ಯದಲ್ಲಿ ಮಾತು ಯಾರದೆಂದು ತಿಳಿಯದೆ ತಾತ್ಪರ್ಯ ದೊರೆಯದು. ಪೇಟೆಯ ಪುಟಕ್ಕೂ ಇದೇ ನ್ಯಾಯ. ಬೆಲೆ ಇಳಿದಾಗ ನೆಮ್ಮದಿ ಕೊಳ್ಳುವವನಿಗೆ, ಬೆಳೆದವನಿಗಲ್ಲ. ‘ಈಸ್ಡ್’ ಎಂಬ ಶಬ್ದ ಕೊಳ್ಳುವವನ ಬಾಯಿಂದ ಬಂದದ್ದೆಂಬುದನ್ನು ನಾನು ವಿಚಾರಿಸಿರಲಿಲ್ಲ. ಲಂಡನ್ನಿನ ‘ದಿ ಎಕಾನಮಿಸ್ಟ್’ ಪತ್ರಿಕೆಯನ್ನೇ ನೋಡಿ: ಆಮದು ಧಾನ್ಯದ ಮೇಲಿನ ಸುಂಕವನ್ನು ವಿರೋಧಿಸಲೆಂದು 1843ರಲ್ಲಿ ಜೇಮ್ಸ್ ವಿಲ್ಸನ್ ಅದನ್ನು ಆರಂಭಿಸಿದರು. ಅವರೇ ಮುಂದೆ 1860ರಲ್ಲಿ ಭಾರತಕ್ಕೆ ಆದಾಯ ತೆರಿಗೆ ತಂದರೆಂದು ಹೇಳಿದಾಗ ಶಿಷ್ಯ, “ಸುಂಕ ಬೇಡವೆಂದವರೇ ತೆರಿಗೆ ಹಾಕಿದರೇ!” ಎಂದು ಹುಬ್ಬೇರಿಸಿದ.

ಈ ಅಭ್ಯಾಸದ ಫಲ 2023ರಲ್ಲಿ ದೊರೆಯಿತು. ಆ ವರ್ಷದ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇಕಡ 40ರ ಸುಂಕ ವಿಧಿಸಿ, ಸೆಪ್ಟೆಂಬರ್ ಕೊನೆಯಲ್ಲಿ ಗುಲಾಬಿ ಈರುಳ್ಳಿಗೆ ವಿನಾಯಿತಿ ಕೊಟ್ಟಿತು. ಸುದ್ದಿ ಓದಿ ಶಿಷ್ಯ ಹಿಗ್ಗಿದ. ನಾನು, “ತಡೆಯಪ್ಪಾ, ‘ಸಬ್ಜೆಕ್ಟ್ ಟು’ ಎಂಬುದರ ಅನ್ವಯವಾಗಲಿ” ಎಂದೆ. ಇಲ್ಲಿ ‘ಸಬ್ಜೆಕ್ಟ್’ ಎಂದರೆ ವಿಷಯವಲ್ಲ, ಒಳಪಟ್ಟು ಎಂದರ್ಥ. ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರವಿದ್ದರೆ ಮಾತ್ರ ವಿನಾಯಿತಿ. ಅವನು ಮೊದಲು ಆ ಪತ್ರಕ್ಕೆ ಓಡಾಡಿದ, ಆಮೇಲೆ ಮಾಲು ಕಟ್ಟಿಸಿದ. ಹಳೆಯ ಋಣದಲ್ಲಿ ಅಷ್ಟಾದರೂ ತೀರಿತೆಂದು ನನಗೆ ಸಮಾಧಾನವಾಯಿತು.

ಅನ್ನ, ಅಕ್ಷರಗಳ ದಾಸೋಹ ನಡೆಸುವ ಈ ವಿದ್ಯಾಸಂಸ್ಥೆಯಲ್ಲಿ ನನ್ನದೊಂದು ಬಿನ್ನಹವಿದೆ. ನಮ್ಮ ವಾಚನಾಲಯದಲ್ಲಿ ಹೊರದೇಶದ ವಾಣಿಜ್ಯ ಪತ್ರಿಕೆಗಳಿಗೊಂದು ಮೇಜು ಇರಲಿ. ವಾರಕ್ಕೊಮ್ಮೆ ಒಂದು ಸುದ್ದಿಯನ್ನು ಮಕ್ಕಳು ಓದಿ, ತಮ್ಮ ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ಹೇಳಲಿ. ದಾನಿಗಳು ಮನಸ್ಸು ಮಾಡಿದರೆ ಇದು ದೊಡ್ಡ ವೆಚ್ಚವಲ್ಲ. ಆ ಮೇಜಿನ ಬಳಿ ಮೊದಲ ದಿನ ಮಕ್ಕಳ ಜೊತೆ ಕುಳಿತು ಪಾಠ ಕೇಳಲು ಈ ಪಂಡಿತನೂ ಬರುತ್ತಾನೆ.