ತಲೆಕೆಳಗಾದ ಮೇಷ್ಟರು

34 ವರ್ಷ ಕಪ್ಪುಹಲಗೆಯ ಮುಂದೆ ನಿಂತೇ ಪಾಠ ಹೇಳಿದವನು ನಾನು. ಕುರ್ಚಿಯಲ್ಲಿ ಕುಳಿತು ಪಾಠ ಮಾಡುವುದು ಅಶಿಸ್ತೆಂಬ ನನ್ನ ಹಠ ಶಿಷ್ಯರಿಗೆಲ್ಲ ನೆನಪಿರಬಹುದು. ನಿವೃತ್ತಿಯ ನಂತರ ಸೊಂಟವು ಆ ಸಾಲವನ್ನು ಬಡ್ಡಿಸಹಿತ ವಸೂಲು ಮಾಡತೊಡಗಿತು. ಕೆಳಬೆನ್ನಿನ ನಾಲ್ಕು ಮತ್ತು ಐದನೆಯ ಕಶೇರುಕಗಳ ನಡುವಿನ ಡಿಸ್ಕ್ ಜರುಗಿ ನರವನ್ನು ಒತ್ತುತ್ತಿದೆಯೆಂದು ವೈದ್ಯರು ಹೇಳಿದರು.

ರಜೆಗೆ ಬಂದ ಮಗ ಒಂದು ಇನ್ವರ್ಷನ್ ಟೇಬಲ್ ತರಿಸಿಕೊಟ್ಟ. ಕಣಕಾಲುಗಳನ್ನು ಬಿಗಿದು, ಹಲಗೆಗೆ ಒರಗಿ ಕೈಯೆತ್ತಿದರೆ, ಏತದಂತೆ ತಲೆ ಕೆಳಗಿಳಿಯುತ್ತದೆ. ದೇಹದ ಭಾರವೇ ಬೆನ್ನೆಲುಬನ್ನು ಎಳೆದು, ಡಿಸ್ಕುಗಳ ಮೇಲಿನ ಒತ್ತಡವನ್ನು ತುಸು ಇಳಿಸುತ್ತದೆಂಬುದು ಇದರ ತತ್ತ್ವ. ಬೆಳಿಗ್ಗೆ ನಾವು ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರವಿರುತ್ತೇವೆಂದು ತರಗತಿಯಲ್ಲಿ ಅಳೆದು ತೋರಿಸುತ್ತಿದ್ದೆನಲ್ಲ, ಅದೇ ಡಿಸ್ಕುಗಳ ಮಹಿಮೆ ಇದು. ಉಪಾಯವೂ ಹೊಸದಲ್ಲ. ಗ್ರೀಸಿನ ಹಿಪಾಕ್ರಟೀಸನ ಕಾಲದಲ್ಲೇ ರೋಗಿಯನ್ನು ಏಣಿಗೆ ಕಟ್ಟಿ ತಲೆಕೆಳಗು ಮಾಡುವ ಪದ್ಧತಿಯಿತ್ತು. ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ಯರು ಗೋಡೆಗೆ ಕಟ್ಟಿದ ಹಗ್ಗಗಳಿಂದ ಶಿಷ್ಯರನ್ನು ತಲೆಕೆಳಗಾಗಿ ತೂಗಿಸುತ್ತಿದ್ದರು.

ಮೊದಲ ದಿನ 20 ಡಿಗ್ರಿ, ಒಂದೇ ನಿಮಿಷ. ಮೊಮ್ಮಗಳು ಕೈತಟ್ಟಿ ನಕ್ಕಳು. ತಿಂಗಳೊಳಗೆ 45 ಡಿಗ್ರಿಗೆ ಇಳಿದೆ. ಕಾಲಿನ ಸೆಳೆತ ಕೆಲವು ಗಂಟೆ ಮಾಯವಾಗುತ್ತಿತ್ತು. ಸಂಜೆಗೆ ಮತ್ತೆ ಮರಳುತ್ತಿತ್ತು. ಆದರೂ ನನ್ನ ಉತ್ಸಾಹ ಕುಗ್ಗಲಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ತೂಗಿದ ಹಲವರು ಶಸ್ತ್ರಚಿಕಿತ್ಸೆಯಿಂದ ಪಾರಾದರೆಂದು ಓದಿ, ಬಂಧುಗಳಿಗೆಲ್ಲ ದೂರವಾಣಿಯಲ್ಲಿ ಉಪದೇಶ ಮಾಡಿದೆ. ಅದು ಎರಡು ಡಜನ್ನಿನಷ್ಟು ರೋಗಿಗಳ ಪ್ರಾಥಮಿಕ ಪರೀಕ್ಷೆ ಮಾತ್ರವೆಂಬುದನ್ನು ಹೇಳಲಿಲ್ಲ. ವಿಜ್ಞಾನದ ಮೇಷ್ಟರಿಗೆ ಇದು ಒಪ್ಪುವ ಮಾತಲ್ಲ.

ಕನ್ನಡಕ ಬದಲಿಸಲು ಹೋದಾಗ ಕಣ್ಣಿನ ವೈದ್ಯೆ ಗಂಭೀರರಾದರು. ಗ್ಲಾಕೋಮಾದ ಆರಂಭ. "ಇತ್ತೀಚೆಗೆ ಶೀರ್ಷಾಸನವೇನಾದರೂ ಮಾಡುತ್ತಿದ್ದೀರಾ?" ಎಂದು ಕೇಳಿದರು. ತಲೆ ಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಬಹಳವೇ ಏರುತ್ತದಂತೆ. ಗ್ಲಾಕೋಮಾದಲ್ಲಿ ಒಮ್ಮೆ ಹೋದ ದೃಷ್ಟಿ ಹಿಂದಿರುಗದು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆನ್ನು ನೊಂದರೆ ಒರಗಿ ಓದಬಹುದು; ಕಣ್ಣು ಹೋದರೆ ಏನನ್ನು ಓದಲಿ? ನನಗಿಂತ ಹೆಚ್ಚಾಗಿ ಕಾಡಿದವರು ರಕ್ತದೊತ್ತಡವಿರುವ ನನ್ನ ಭಾವನವರು. ನನ್ನ ಮಾತು ಕೇಳಿ ಅವರೂ ಟೇಬಲ್ ಕೊಳ್ಳಲು ಹೊರಟಿದ್ದರು. ಬೆಳಗಾಗುತ್ತಲೇ ದೂರವಾಣಿ ಮಾಡಿ ತಡೆದೆ. ತಪ್ಪು ಉತ್ತರ ಬರೆಸಿದ ಮೇಷ್ಟರು ಮರುದಿನ ತಾವೇ ಹಲಗೆ ಒರೆಸಬೇಕಲ್ಲವೇ?

ಈಗ ಟೇಬಲ್ ಮೇಲೆ ಹಪ್ಪಳ ಒಣಗುತ್ತವೆ. ನಡಿಗೆ ಮತ್ತು ಫಿಸಿಯೋಥೆರಪಿಯ ವ್ಯಾಯಾಮಗಳಿಂದ ನೋವು ಸಹಿಸುವ ಮಟ್ಟಕ್ಕೆ ಬಂದಿದೆ. ಕಂಪ್ಯೂಟರಿನ ಮುಂದೆ ಬೆನ್ನು ಸವೆಸುವ ಶಿಷ್ಯರೇ, ಆ ಟೇಬಲ್ ಕೆಟ್ಟದ್ದೆಂದು ನಾನು ಹೇಳಲಾರೆ. ಕೆಲವರಿಗೆ ತಾತ್ಕಾಲಿಕ ಉಪಶಮನ ಕೊಟ್ಟೀತು. ಆದರೆ ರಕ್ತದೊತ್ತಡ, ಹೃದಯ, ಕಣ್ಣು, ಇವುಗಳನ್ನು ವೈದ್ಯರಿಗೆ ತೋರಿಸದೆ ತಲೆಕೆಳಗಾಗಬೇಡಿ. ಪಾಠ ಹೇಳುವಾಗ ನಡುನಡುವೆ ಕುಳಿತುಕೊಳ್ಳುವುದು ಅಶಿಸ್ತಲ್ಲವೆಂಬುದನ್ನೂ, ತಡವಾಗಿಯಾದರೂ, ಒಪ್ಪಿಕೊಳ್ಳುತ್ತೇನೆ.