ಮರಳಿ ಬಂದ ಬಡಿತ

ಹುನ್ನೂರಿನಲ್ಲಿ ಕಬ್ಬು ಬೆಳೆದು ಬದುಕಿದವನು ನಾನು. ಐವತ್ತು ದಾಟಿದ ಮೇಲೆ ಎದೆಬಡಿತ ತಾಳ ತಪ್ಪತೊಡಗಿತು. ಏಟ್ರಿಯಲ್ ಫಿಬ್ರಿಲೇಶನ್ ಎಂದರು ಡಾಕ್ಟರು. ಹೃದಯದ ಮೇಲಿನ ಎರಡು ಕೋಣೆಗಳು ರಕ್ತವನ್ನು ತಳ್ಳುವುದು ಬಿಟ್ಟು ಬರೀ ನಡುಗುತ್ತವೆ; ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಶುರುವಾಯಿತು. ಬಡಿತ ಮಾತ್ರ ಹತೋಟಿಗೆ ಬರಲಿಲ್ಲ. ಕಡೆಗೆ ಬೆಳಗಾವಿಯಲ್ಲಿ ಅಬ್ಲೇಶನ್ ಮಾಡಿಸಿಕೊಂಡೆ.

ತೊಡೆಸಂದಿಯ ರಕ್ತನಾಳದಿಂದ ತೆಳ್ಳನೆಯ ನಳಿಗೆಯನ್ನು ಹೃದಯದವರೆಗೆ ಏರಿಸಿ, ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಿಯ ಸುತ್ತ ಸುಡುತ್ತಾರೆ. ತಪ್ಪು ಬಡಿತದ ಕಿಡಿ ಹೆಚ್ಚಾಗಿ ಆ ನಾಳಗಳಿಂದಲೇ ಹೊರಡುತ್ತದೆಂದು 1998ರಲ್ಲಿ ಫ್ರಾನ್ಸಿನ ಬೋರ್ಡೊದ ಡಾ. ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು ತೋರಿಸಿದ್ದರು. ಸುಟ್ಟಲ್ಲಿ ಕಲೆಗಟ್ಟಿದರೆ ಕಿಡಿ ಅದನ್ನು ದಾಟಿ ಬರುವುದಿಲ್ಲ.

ಆ ಸಲದ ಕಬ್ಬಿನ ಕಟಾವು ನೆಮ್ಮದಿಯಿಂದ ಮುಗಿಯಿತು. ಆಮೇಲೆ ಒಂದು ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದ್ದಾಗ ಎದೆಯೊಳಗೆ ಮತ್ತೆ ಅದೇ ಒದ್ದಾಟ. ನಾಡಿ ಹಿಡಿದು ನೋಡಿದೆ: ಎರಡು ಬಡಿತ ಒತ್ತೊತ್ತಾಗಿ, ಆಮೇಲೆ ಖಾಲಿ, ಮತ್ತೆ ಒಮ್ಮೆಲೇ ನಾಲ್ಕೈದು. "ಮತ್ತ ಸುರು ಆತೇನ್ರಿ?" ಎಂದು ಮನೆಯವಳು ಎದ್ದು ಕುಳಿತಳು. ಬೆಳಗಿನವರೆಗೆ ಇಬ್ಬರಿಗೂ ನಿದ್ದೆಯಿಲ್ಲ. ಮತ್ತೆ ಮತ್ತೆ ಹೀಗಾದಾಗ "ಹಾಕಿದ ರೊಕ್ಕ ನೀರಾಗ ಹೋತು" ಎಂದರು ಮಂದಿ. ಬಡಿತಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಕುಗ್ಗಿಸಿತು.

ಡಾಕ್ಟರು ಇಸಿಜಿ ನೋಡಿ, "ಯಾವ ಹೊತ್ತಿನ್ಯಾಗ ಬರತೈತ್ರಿ?" ಎಂದು ಕೇಳಿದರು. ರಾತ್ರಿ ಕರೆಂಟು ಕೊಟ್ಟಾಗ ಹೊಲಕ್ಕೆ ಹೋಗಿ ಸಲಿಕೆ ಹಿಡಿದು ನೀರು ಹಾಯಿಸುವಾಗ ಏನೂ ಆಗುವುದಿಲ್ಲ. ಮನೆಗೆ ಬಂದು ಉಂಡು ಅಡ್ಡಾದ ಮೇಲೆಯೇ ಬರುತ್ತದೆ ಎಂದೆ. ಅವರು ಹಾಳೆಯ ಮೇಲೆ ಹೃದಯದ ಚಿತ್ರ ಬರೆದು, ಶ್ವಾಸಕೋಶದಿಂದ ಬರುವ ಆ ನಾಳಗಳ ಬುಡದ ಕೊಬ್ಬಿನಲ್ಲಿ ಚುಕ್ಕೆಗಳನ್ನಿಟ್ಟರು. ಅವು ಹೃದಯದ ನರಗಳು ಕೂಡುವ ಗಂಟುಗಳು. ಓಡುವಾಗ, ಸಿಟ್ಟು ಬಂದಾಗ ಒಂದು ಬಗೆಯ ನರಗಳು ಹೃದಯವನ್ನು ಚುರುಕುಗೊಳಿಸುತ್ತವೆ. ಉಂಡಾಗ, ಮಲಗಿದಾಗ ವೇಗಸ್ ನರ ಚುರುಕಾಗುತ್ತದೆ; ಹೃದಯವನ್ನು ನಿಧಾನಗೊಳಿಸುವುದು ಅದರ ಕೆಲಸ. ಆದರೆ ಮೇಲಿನ ಕೋಣೆಗಳ ಮಾಂಸ ಒಮ್ಮೆ ಬಡಿದ ಮೇಲೆ ಹೊಸ ಕಿಡಿಗೆ ಸ್ಪಂದಿಸದೆ ಇರುವ ಹೊತ್ತನ್ನು ಆ ವೇಗಸ್ಸೇ ಮೊಟಕು ಮಾಡುತ್ತದೆ. ಆಗ ಸಣ್ಣ ಕಿಡಿಯೂ ಹೊತ್ತಿಕೊಳ್ಳುತ್ತದೆ.

ಅಬ್ಲೇಶನ್ನಿನಲ್ಲಿ ಈ ನರಗಳಿಗೂ ಬಿಸಿ ತಾಗುತ್ತದಂತೆ. ಆಮೇಲೆ ನನ್ನ ನಾಡಿ ಸುಮ್ಮನೆ ಕೂತಾಗಲೂ ಮೊದಲಿಗಿಂತ ತುಸು ಜೋರಾಗಿದ್ದುದು ಅದಕ್ಕೇ. ಕಾಲ ಸರಿದಂತೆ ನರ ಮತ್ತೆ ಚಿಗುರಬಹುದು. ಸುಟ್ಟ ಗೆರೆಯಲ್ಲಿ ಎಲ್ಲೋ ಸಂದು ಬಿಟ್ಟು ಕಿಡಿ ನುಸುಳಲೂಬಹುದು. ಬಡಿತ ಮರಳಲು ಹೆಚ್ಚಿನವರಲ್ಲಿ ಈ ಸಂದೇ ಕಾರಣ. ನನಗೂ ಎರಡನೆಯ ಸಲ ನಳಿಗೆ ಏರಿಸಿ ಒಳಗೆ ನೋಡಿದಾಗ ಒಂದು ನಾಳದ ಬಳಿ ಸಂದು ಸಿಕ್ಕಿತು, ಅದನ್ನು ಮುಚ್ಚಿದರು. ನಾಡಿ ನಿಧಾನ ಮಾಡುವ ಗುಳಿಗೆ ರಾತ್ರಿ ಬರುವ ಇಂಥ ಬಡಿತವನ್ನು ಕೆಲವರಲ್ಲಿ ಹೆಚ್ಚಿಸುತ್ತದೆಂದು, ನಾನು ನುಂಗುತ್ತಿದ್ದ ಅಂಥ ಗುಳಿಗೆಯನ್ನು ಅವರೇ ಬದಲಿಸಿದರು. ಹೆಪ್ಪು ತಡೆಯುವ ಗುಳಿಗೆ ಮಾತ್ರ ಮುಂದುವರಿದಿದೆ. ಈಗ ಹೊತ್ತು ಮುಳುಗುವ ಮೊದಲೇ ಹಗುರಾಗಿ ಉಣ್ಣುತ್ತೇನೆ.

ಮುಂದೆಂದೂ ಬರುವುದಿಲ್ಲವೆಂದು ನನಗೆ ಯಾರೂ ಮಾತು ಕೊಟ್ಟಿಲ್ಲ. ಆದರೆ ನನ್ನಂಥವರಿಗೆ ಇಷ್ಟು ಹೇಳಬಲ್ಲೆ: ಬಡಿತ ಮರಳಿತೆಂದರೆ ಚಿಕಿತ್ಸೆ ದಂಡವಾಯಿತೆಂದಲ್ಲ. ಗಾಯ ಮಾಯುವ ಮೊದಲ ಎರಡು ಮೂರು ತಿಂಗಳಲ್ಲಿ ಬಂದದ್ದನ್ನು ಡಾಕ್ಟರುಗಳು ಸೋಲೆಂದು ಎಣಿಸುವುದೇ ಇಲ್ಲ. ಉಂಡ ಮೇಲೋ, ದುಡಿಯುವಾಗಲೋ, ನಿದ್ದೆಯಲ್ಲೋ, ಯಾವಾಗ ಬಂತೆಂದು ಬರೆದಿಟ್ಟು ತೋರಿಸಿ. ನನ್ನ ಚಿಕಿತ್ಸೆಗೆ ದಾರಿ ಸಿಕ್ಕದ್ದು ಆ ಒಂದು ಪ್ರಶ್ನೆಯಿಂದ.