ನಾರ್ಮಂಡಿಗೆ ಹೊರಟ ಮುದಿ ಜೀಪು

ಜೂನ್ ಮೊದಲ ವಾರ ಬಂತೆಂದರೆ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಫ್ರಾನ್ಸಿಗೆ ಹೊರಡುವ ಹಡಗಿಗಾಗಿ ಕಾಯುವ ವಾಹನಗಳ ಸಾಲಿನಲ್ಲಿ, ಥಳಥಳಿಸುವ ಕಾರುಗಳ ನಡುವೆ, ಮಂಕು ಹಸಿರು ಬಣ್ಣದ ಕೆಲವು ಹಳೆಯ ಜೀಪುಗಳು ಕಾಣಿಸಿಕೊಳ್ಳುತ್ತವೆ. ಬಾಗಿಲಿಲ್ಲ, ಪಕ್ಕದಲ್ಲಿ ಗಾಜಿಲ್ಲ, ಮೇಲೊಂದು ಕ್ಯಾನ್ವಾಸ್ ಹೊದಿಕೆ. ಮಳೆ ಬಂದರೆ ಒಳಗಿದ್ದವರೂ ತೋಯುತ್ತಾರೆ. ಬಾನೆಟ್ಟಿನ ಮೇಲೆ ಐದು ಮೂಲೆಯ ಬಿಳಿ ನಕ್ಷತ್ರ. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೈನ್ಯ ಇದೇ ಕಡಲನ್ನು ದಾಟಿ ನಾರ್ಮಂಡಿಯ ಐದು ತೀರಗಳಲ್ಲಿ ಇಳಿದಿತ್ತು. ಆ ದಿನದ ಸ್ಮರಣೆಗೆ ಈ ಪ್ರಯಾಣ. ಹೋಗುವವರಲ್ಲಿ ಹೆಚ್ಚಿನವರು ಯುದ್ಧ ಮುಗಿದ ಮೇಲೆ ಹುಟ್ಟಿದವರು.

ಜೀಪು ನಮ್ಮವರಿಗೆ ಹೊಸದೇನಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪೆನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಆ ವಂಶದ ಗಾಡಿಗಳು ಮಲೆನಾಡಿನ ಘಾಟಿಗಳಲ್ಲಿ, ಕಾಫಿ ತೋಟಗಳಲ್ಲಿ, ಚುನಾವಣೆಯ ಪ್ರಚಾರದಲ್ಲಿ ದಶಕಗಟ್ಟಲೆ ದುಡಿದವು. ಅವುಗಳ ಮೂಲಪುರುಷನೇ ಈ ಯುದ್ಧಕಾಲದ ಜೀಪು. ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳೆರಡೂ ಸೇರಿ ಇಂಥ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಫೋರ್ಡ್‌ನವರು ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತುತ್ತಿದ್ದರು. ಅಂಥ ಒಂದು ಬೋಲ್ಟಿಗಾಗಿ ಹಳೆ ಕಬ್ಬಿಣದ ರಾಶಿ ಕೆದಕುವ ಹುಚ್ಚರು ಈಗಲೂ ಇದ್ದಾರೆ. ಅವರ ಮನೆಯವರ ತಾಳ್ಮೆ ದೊಡ್ಡದು.

ಗಾಡಿಯ ತೂಕ ಸುಮಾರು 1,100 ಕಿಲೋ, ಎಂಜಿನ್ನಿನ ಬಲ 60 ಅಶ್ವಶಕ್ತಿ. ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಸೀಟಿನ ಕೆಳಗೆ. ಪೆಟ್ರೋಲು ತುಂಬಿಸಬೇಕಾದರೆ ಆತ ಕೆಳಗಿಳಿದು ಕೂತ ಮೆತ್ತೆಯನ್ನೇ ಎತ್ತಬೇಕು. ವಿದ್ಯುತ್ ವ್ಯವಸ್ಥೆ ಬರೀ 6 ವೋಲ್ಟಿನದು. ಭೌತಶಾಸ್ತ್ರ ಓದುವ ಮಕ್ಕಳು ಇಲ್ಲಿ ಒಂದು ಕ್ಷಣ ನಿಲ್ಲಬಹುದು. ವಿದ್ಯುತ್ ಸಾಮರ್ಥ್ಯವೆಂದರೆ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದ್ದು. ಈಗಿನ ಕಾರುಗಳ 12 ವೋಲ್ಟಿನಲ್ಲಿ ಆಗುವ ಕೆಲಸ 6 ವೋಲ್ಟಿನಲ್ಲಿ ಆಗಬೇಕಾದರೆ ಎರಡು ಪಟ್ಟು ಕರೆಂಟು ಹರಿಯಬೇಕು. ಆದ್ದರಿಂದಲೇ ದಪ್ಪ ತಂತಿಗಳು. ಬ್ಯಾಟರಿಯ ತುದಿಗೆ ಒಂಚೂರು ಕಿಲುಬು ಹಿಡಿದರೂ ಸಾಕು, ಬೆಳಗಿನ ಚಳಿಯಲ್ಲಿ ಎಂಜಿನ್ ಗೊಣಗಿ ಸುಮ್ಮನಾಗುತ್ತದೆ. ಬಿಸಿಲಿನಲ್ಲಿ ಬೇರೆ ರಗಳೆ. ಮೆರವಣಿಗೆ ನಡಿಗೆಯ ವೇಗದಲ್ಲಿ ಸಾಗುವಾಗ ಎಂಜಿನ್ ಕಾದು, ಪೆಟ್ರೋಲು ಕೊಳವೆಯಲ್ಲೇ ಕುದಿದು ಆವಿಯಾಗುತ್ತದೆ. ದ್ರವವನ್ನು ಎಳೆಯಬಲ್ಲ ಪಂಪು ಆವಿಯ ಮುಂದೆ ಸೋಲುತ್ತದೆ. ಬ್ಯಾಂಡಿನವರು ಮುಂದೆ ಹೋಗಿಬಿಡುತ್ತಾರೆ. ಯಜಮಾನ ಬಾನೆಟ್ ತೆರೆದು ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಾನೆ.

ಜೀಪು ನಿಂತಲ್ಲಿ ಮಕ್ಕಳು ಮುತ್ತುತ್ತಾರೆ. ಕೆಲವು ಜೀಪುಗಳ ಮುಂದಿನ ಬಂಪರಿನ ಮೇಲೆ ಆಳೆತ್ತರದ ಒಂದು ಕಬ್ಬಿಣದ ಕಂಬ ನಿಂತಿರುತ್ತದೆ. ಅದರ ತುದಿಯಲ್ಲೊಂದು ಕೊಕ್ಕೆ. ಇದೇಕೆಂದು ಅವರು ಕೇಳದೆ ಇರುವುದಿಲ್ಲ. ರಸ್ತೆಗೆ ಅಡ್ಡಲಾಗಿ, ಸರಿಯಾಗಿ ಚಾಲಕನ ಕುತ್ತಿಗೆಯ ಮಟ್ಟಕ್ಕೆ, ಶತ್ರುಗಳು ತಂತಿ ಬಿಗಿಯುತ್ತಿದ್ದರು. ಗಾಜಿನ ಚೌಕಟ್ಟನ್ನು ಮುಂದಕ್ಕೆ ಮಡಚಿ ಓಡಿಸುವವನ ಕತ್ತು ಉಳಿಯಬೇಕಾದರೆ ತಂತಿಯನ್ನು ಆ ಕೊಕ್ಕೆ ಮೊದಲು ತುಂಡರಿಸಬೇಕು. ಅಷ್ಟುಹೊತ್ತು ಸ್ಟೀರಿಂಗು ಹಿಡಿದು ಬಾಯಲ್ಲಿ ಬುರ್‍ರೆನ್ನುತ್ತಿದ್ದ ಹುಡುಗ ಇದನ್ನು ಕೇಳಿದ ಮೇಲೆ ಕಂಬವನ್ನು ಮತ್ತೊಮ್ಮೆ ತಲೆಯೆತ್ತಿ ನೋಡುತ್ತಾನೆ.

ಇದೇ ಗಾಡಿಗೆ ಚೌಕಟ್ಟು ಬಿಗಿದು, ಸ್ಟ್ರೆಚರುಗಳನ್ನಿಟ್ಟು ಗಾಯಾಳುಗಳನ್ನೂ ಸಾಗಿಸುತ್ತಿದ್ದರು. ನಾರ್ಮಂಡಿಯಲ್ಲಿ ಸೈನ್ಯ ಇಳಿದ ದಿನ ನಮ್ಮ ಕೊಹಿಮಾದಲ್ಲಿ ಭಾರತೀಯ ಮತ್ತು ಬ್ರಿಟಿಷ್ ಸೈನಿಕರು ಜಪಾನೀಯರೊಡನೆ ಇನ್ನೂ ಕಾದಾಡುತ್ತಿದ್ದರು. ಅಲ್ಲಿಯ ಕೆಸರಿನ ದಾರಿಗಳಲ್ಲೂ ಜೀಪುಗಳಿದ್ದವು.

ಜೀಪನ್ನು ಸ್ಮರಣೆಗೆ ಒಯ್ಯುವವನಿಗೆ ಎದುರಾಗುವ ಕಷ್ಟದ ಪ್ರಶ್ನೆ ಮಾತ್ರ ಯಂತ್ರದ್ದಲ್ಲ, ಬಣ್ಣದ್ದು. ಬಂಪರಿನ ಮೇಲೆ ಯಾವ ತುಕಡಿಯ ಗುರುತು ಬರೆಸುವುದು? ಯುದ್ಧ ಮುಗಿದ ಮೇಲೆ ಕೈಯಿಂದ ಕೈಗೆ ದಾಟಿ, ಹೊಲದಲ್ಲಿ ದುಡಿದು, ಎಷ್ಟೋ ಸಲ ಬಣ್ಣ ಬಳಿಸಿಕೊಂಡು ಬಂದ ಜೀಪಿನ ಪೂರ್ವಾಶ್ರಮ ಬಹಳಷ್ಟು ಸಲ ಯಾರಿಗೂ ಗೊತ್ತಿರುವುದಿಲ್ಲ. ಹೆಸರಾಂತ ಪ್ಯಾರಾಚೂಟ್ ಪಡೆಯ ಗುರುತು ಹಾಕಿದರೆ ನೋಡುವವರು ಹೆಚ್ಚು. ಆದರೆ ಆ ಗುರುತಿನ ಹಿಂದೆ ಸತ್ತವರಿದ್ದಾರೆ. ಕೆಲವರು ತಮ್ಮ ಅಪ್ಪನೋ ಅಜ್ಜನೋ ಇದ್ದ ತುಕಡಿಯ ಗುರುತು ಬರೆಸುತ್ತಾರೆ. ಹಳೆಯ ಬಣ್ಣವನ್ನು ಪದರ ಪದರವಾಗಿ ಉಜ್ಜಿ, ಅಡಿಯಲ್ಲಿ ಮೂಲ ಸಂಖ್ಯೆ ಸಿಕ್ಕೀತೇ ಎಂದು ವಾರಗಟ್ಟಲೆ ಹುಡುಕುವವರಿದ್ದಾರೆ. ಏನೂ ಸಿಗದಿದ್ದರೆ ನಕ್ಷತ್ರ ಬರೆದು ಉಳಿದದ್ದನ್ನು ಖಾಲಿ ಬಿಡುವುದೇ ಪ್ರಾಮಾಣಿಕತನ. ಜಾತ್ರೆಯ ವೇಷಕ್ಕೂ ಸ್ಮರಣೆಗೂ ಇರುವ ಅಂತರ ಕೆಲವೊಮ್ಮೆ ಇಷ್ಟೇ.

ಸೇಂಟ್-ಲೋ ಪಟ್ಟಣಕ್ಕೆ ಹೋದಾಗ ಈ ಅಂತರ ಇನ್ನೂ ತೆಳುವಾಗುತ್ತದೆ. 1944ರ ಜೂನ್ 6ರ ರಾತ್ರಿ ಆ ಪಟ್ಟಣದ ಮೇಲೆ ಬಾಂಬು ಸುರಿಸಿದ್ದು ಜರ್ಮನರಲ್ಲ, ಬಿಡುಗಡೆ ತರಲು ಬಂದ ಮಿತ್ರರಾಷ್ಟ್ರಗಳ ವಿಮಾನಗಳೇ. ಆ ಬೇಸಿಗೆಯಲ್ಲಿ ನಾರ್ಮಂಡಿಯ ಸುಮಾರು 20,000 ನಾಗರಿಕರು ಸತ್ತರು. ಬಿಳಿ ನಕ್ಷತ್ರವನ್ನು ಕಂಡು ಕೈಬೀಸುವ ಅಜ್ಜಿ ಅದೇ ಬಾಂಬಿನಲ್ಲಿ ಅಣ್ಣನನ್ನು ಕಳೆದುಕೊಂಡವಳೂ ಆಗಿರಬಹುದು. ಹಾರನ್ನು ಹೊಡೆದು ಉತ್ಸಾಹ ತೋರುವ ಮುನ್ನ ಇದನ್ನು ತಿಳಿದಿರಬೇಕು.

ಅಂದು ಹದಿನೆಂಟು ವರ್ಷದ ಹುಡುಗನಾಗಿದ್ದ ಸೈನಿಕ 2024ರ ಎಂಬತ್ತನೆಯ ಸ್ಮರಣೆಯ ಹೊತ್ತಿಗೆ 98ರ ಮುದುಕ. ಅಂಥವರನ್ನು ಮೆರವಣಿಗೆಯಲ್ಲಿ ಜೀಪಿನಲ್ಲಿ ಕೂರಿಸಿ ಒಯ್ಯುವುದುಂಟು. ಆದರೆ ಇಪ್ಪತ್ತರ ಹುಡುಗರು ಹಾರಿ ಕೂರಲೆಂದು ಮಾಡಿದ ಗಾಡಿಯಿದು, ಮೆಟ್ಟಿಲಿಲ್ಲ. ಒಂದು ಮಣೆ ಇಟ್ಟು, ಇಬ್ಬರು ತೋಳು ಹಿಡಿದು, ಮೂರನೆಯವರು ಕಾಲನ್ನು ಎತ್ತಿ ಒಳಗಿಡಬೇಕು. ಕೂತ ಮೇಲೆ ಹೇಳಿಕೊಡಬೇಕಾದ್ದಿಲ್ಲ. ಕೈ ತಾನಾಗಿ ಪಕ್ಕದ ಹಿಡಿಕೆಯನ್ನು ಹುಡುಕಿಕೊಳ್ಳುತ್ತದೆ.

ಸಂಜೆ ಅರೊಮಾಂಷ್ ತೀರದಲ್ಲಿ ಕಡಲು ಹಿಂದೆ ಸರಿದಾಗ, ಅಂದು ಕಟ್ಟಿದ ಕೃತಕ ಬಂದರಿನ ಕಾಂಕ್ರೀಟು ತುಂಡುಗಳು ನೀರಿನಿಂದ ತಲೆಯೆತ್ತುತ್ತವೆ. ಜೀಪುಗಳು ಒದ್ದೆ ಮರಳಿಗೆ ಇಳಿಯುತ್ತವೆ, ಫೋಟೋಗಳಾಗುತ್ತವೆ. ಉಪ್ಪುನೀರು ಕಬ್ಬಿಣಕ್ಕೆ ಶತ್ರು, ರಾತ್ರಿಯೇ ತೊಳೆಯಬೇಕು. ಎಲ್ಲರೂ ಊಟಕ್ಕೆ ಹೋದ ಮೇಲೆ ಯಜಮಾನ ನೆಲದ ಮೇಲೆ ಅಂಗಾತ ಮಲಗಿ, ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸಿಹಿನೀರಿನ ಪೈಪು ಹಿಡಿದು ಜೀಪಿನ ಹೊಟ್ಟೆಗೆ ಅಂಟಿದ ಮರಳನ್ನು ತೊಳೆಯುತ್ತಿರುತ್ತಾನೆ.